ಎಲ್ಲದಕ್ಕೂ ಹೌದು ಎಂದ ಮಧ್ಯಾಹ್ನ

ಮುಂಡರಗಿ ತಾಲೂಕಿನ ಹೊಳೆದಂಡೆಯ ಒಂದು ಸಣ್ಣ ಊರಿನಲ್ಲಿ ಒಬ್ಬ ಹೆಣ್ಣುಮಗಳ ಮನೆ ನನ್ನ ಕೈಯಿಂದ ಹೋಯಿತು. ಗೋಡೆಗೆ ನಾನು ಕೈ ಹಚ್ಚಲಿಲ್ಲ. ಗದಗಿನ ಒಂದು ಮಹಡಿಯ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಅದು ಕೇಳಿದ ಪ್ರಶ್ನೆಗಳಿಗೆಲ್ಲ ಒಂದೇ ಏಟಿಗೆ ಹೌದು ಎಂದೆ, ಅಷ್ಟೇ. ಈ ಸಂಗತಿಯನ್ನು ನಮ್ಮ ಮನೆಯಲ್ಲಿ ಕೂಡ ಪೂರ್ತಿಯಾಗಿ ಹೇಳಿಲ್ಲ.

ಆಗ ಗದಗ ಬೇರೆ ಜಿಲ್ಲೆಯಾಗಿ ಏಳೆಂಟು ವರ್ಷವಾಗಿತ್ತು. ನಮ್ಮದು ಬೆಟಗೇರಿಯ ನೇಕಾರರ ಮನೆ. ನಾನು ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ತುಂಗಭದ್ರೆಗೆ ಒಡ್ಡು ಕಟ್ಟುವ ಕೆಲಸ ನಡೆದಿತ್ತು. ನೀರು ನಿಂತಾಗ ಹಮ್ಮಿಗಿಯ ಸುತ್ತಮುತ್ತ ಕೆಲವು ಮನೆಗಳು ಮುಳುಗುತ್ತವೆ, ಆ ಮನೆಯವರಿಗೆ ಬೇರೆ ಕಡೆ ಜಾಗ ಕೊಡಬೇಕು, ಅದಕ್ಕೆ ಮನೆಮನೆಯ ಪಟ್ಟಿ ಆಗಬೇಕು. ಆ ಪಟ್ಟಿಯ ಕೆಲಸ ಯಾರಿಂದಲೋ ಯಾರಿಗೋ ದಾಟಿ, ಕೊನೆಗೆ ಒಂದು ಊರಿನ ಪಾಲು ನಮ್ಮ ಅಂಗಡಿಗೆ ಬಂದಿತ್ತು.

ಅಂಗಡಿಯ ಕಂಪ್ಯೂಟರುಗಳಿಗೆ ಮೇಲಿಂದ ಮೇಲೆ ವೈರಸ್ ಹತ್ತುತ್ತಿತ್ತು. ಮಾಲೀಕರು ಬೇಸತ್ತಾಗ, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಒಂದು ಕಂಪ್ಯೂಟರಿಗೆ ವಿಂಡೋಸ್ ಬದಲು ವೈರಸ್ ಹತ್ತದ ಲಿನಕ್ಸ್ ಹಾಕಿದವಳು ನಾನೇ. ಓದಿ ಓದಿ ಅರ್ಧ ಕಲಿತಿದ್ದೆ. ಅಂಗಡಿಯಲ್ಲಿ ಅದನ್ನು ಬಲ್ಲವರು ಮತ್ತೊಬ್ಬರಿರಲಿಲ್ಲವಾದ್ದರಿಂದ ಅರ್ಧ ಕಲಿತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಪಟ್ಟಿಯ ಕೆಲಸವನ್ನು ಅದೇ ಕಂಪ್ಯೂಟರಿನಲ್ಲಿ ಇಟ್ಟೆವು.

ಫೋಟೋ ತೆಗೆಯಲು ಲಕ್ಷ್ಮೇಶ್ವರದಿಂದ ಒಬ್ಬರು ಬರುತ್ತಿದ್ದರು. ಅಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಮನೆಮನೆಗೆ ಹೋಗಿ ನಾನು ಕಾಗದದ ಮೇಲೆ ಹೆಸರು, ಉದ್ದ, ಅಗಲ ಬರೆದುಕೊಳ್ಳುವುದು, ಅವರು ಒಂದು ಫೋಟೋ ಹೊಡೆಯುವುದು. ಮನೆಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಿ ಫೋಟೋ ತೆಗೆಯಬೇಕೆಂಬ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ. ಸಂಜೆ ಅಂಗಡಿಗೆ ಬಂದು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಪ್ರತಿ ಫೈಲಿಗೂ ಆಯಾ ಮನೆಯ ಸಂಖ್ಯೆಯನ್ನೇ ಹೆಸರಾಗಿ ಕೊಡುತ್ತಿದ್ದೆ. ಮರುದಿನದ ಫೋಟೋಗಳಿಗೆ ಜಾಗ ಬೇಕಲ್ಲ, ಕ್ಯಾಮೆರಾದಲ್ಲಿದ್ದದ್ದನ್ನು ಅಲ್ಲೇ ಅಳಿಸುತ್ತಿದ್ದೆವು.

ಆ ಊರಿನ ಕೊನೆಯ ಮನೆ, ಹೊಳೆಗೆ ಇಳಿಯುವ ಹಾದಿಯಲ್ಲಿ, ಒಂದೇ ಅಂಕಣದ ಮಣ್ಣಿನ ಮಾಳಿಗೆಯ ಮನೆ. ಅಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಒಬ್ಬಳೇ ಇದ್ದಳು. ಗಂಡ ಹರಿಗೋಲು ಹಾಕುತ್ತಿದ್ದವನು, ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಆಕೆ ಮೀನು ಮಾರಿ ಬದುಕುತ್ತಿದ್ದಳು. ಭಾಯಿ ಕ್ಯಾಮೆರಾ ಹಿಡಿದರೂ ಆಕೆ ಬಾಗಿಲು ಬಿಟ್ಟು ಸರಿಯಲಿಲ್ಲ.

"ಸ್ವಲ್ಪ ಬಾಜೂ ಸರೀರಿ ಅವ್ವಾರ, ಮನಿ ಅಷ್ಟ ಬೇಕಾಗೇತಿ," ಎಂದರು ಭಾಯಿ.

"ಮನ್ಯಾಗ ನಾನೂ ಅದೀನಲ್ಲೋ ತಮ್ಮಾ," ಎಂದಳು. ಭಾಯಿ ನಕ್ಕು ಹಾಗೆಯೇ ಹೊಡೆದರು.

ಹೊರಡುವಾಗ ಆಕೆ ನನ್ನ ಕೈ ಹಿಡಿದು ನಿಲ್ಲಿಸಿದಳು. "ಯವ್ವಾ, ಒಂದ್ ಮಾತ ಕೇಳಲೇನು? ಈ ತೊಲಿ ಎಲ್ಲಾ ನಮ್ಮ ಮಾವ ಹಾಕಿಸಿದ್ದು. ಗೆದ್ದಲ ಹತ್ತಾಕತ್ತಾವು. ಈಗ ಬಿಚ್ಚಿ ನಮ್ಮ ಅಣ್ಣನ ಹಿತ್ತಲದಾಗ ಇಟ್ರ, ಹೊಸಾ ಜಾಗಾ ಕೊಟ್ಟಾಗ ಕಟ್ಟಾಕ ಬರ್ತಾವು. ಬಿಚ್ಚಿದ್ರ ನಡೀತೈತೇನು?"

"ಫೋಟೋ ಆತಲ್ರಿ. ಇನ್ನ ಬಿಚ್ಚಿದ್ರೂ ನಡೀತೈತಿ," ಎಂದೆ.

ಹಾಗೆನ್ನಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಕೈಯಲ್ಲಿ ಕಾಗದದ ಕಟ್ಟು ಹಿಡಿದು ಊರೂರು ತಿರುಗುವವಳನ್ನು ಜನ ದೊಡ್ಡವಳೆಂದು ತಿಳಿಯುತ್ತಾರೆ. ಕೆಲವು ದಿನ ಕಳೆದ ಮೇಲೆ ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ಇಡೀ ಊರಿನ ಕೆಲಸ ಮುಗಿದು, ಫೋಟೋಗಳನ್ನು ಕಾಗದಕ್ಕೆ ಅಂಟಿಸಿ ಕೊಡುವುದಷ್ಟೇ ಬಾಕಿಯಿತ್ತು. ಫೋಟೋಗಳ ಇನ್ನೊಂದು ಪ್ರತಿ ಮಾಡಿರಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಸಲ ಸಿ.ಡಿ. ಮಾಡಿದರಾಯಿತು ಎಂದು ಮಾಲೀಕರು ಹೇಳಿದ್ದರು, ನಾನೂ ಆಗಲಿ ಎಂದಿದ್ದೆ. ಊಟ ಮಾಡಿ ಬಂದು ಕುಳಿತಿದ್ದೆ, ಕರೆಂಟು ಹೋಯಿತು. ಯು.ಪಿ.ಎಸ್. ಸ್ವಲ್ಪ ಹೊತ್ತು ಕಿರುಚಿ ತಾನೂ ಸುಮ್ಮನಾಯಿತು. ಕರೆಂಟು ಮರಳಿ ಬಂದಾಗ ಕಂಪ್ಯೂಟರು ಅರ್ಧಕ್ಕೆ ನಿಂತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಹೇಳಿತು: ಡಿಸ್ಕಿನ ವಿವರಗಳು ತಾಳೆಯಾಗುತ್ತಿಲ್ಲ, ಪರೀಕ್ಷೆಯನ್ನು ನೀವೇ ನಡೆಸಿ.

ನನಗೆ ಹೆದರಿಕೆಯಾಗಲಿಲ್ಲ. ಹಿಂದೆ ಎರಡು ಸಲ ಹೀಗೇ ಆಗಿ ಸರಿಹೋಗಿತ್ತು. ಡಿಸ್ಕನ್ನು ಪರೀಕ್ಷಿಸಿ ದುರಸ್ತಿ ಮಾಡುವ ಆಜ್ಞೆಯೊಂದು ಲಿನಕ್ಸಿನಲ್ಲಿದೆ. ಅದು ದೋಷ ಕಂಡಲ್ಲೆಲ್ಲ ನಿಂತು, ಇದನ್ನು ಸರಿಪಡಿಸಲೇ, ಇದನ್ನು ಅಳಿಸಲೇ ಎಂದು ಕೇಳುತ್ತದೆ. ನೂರಾರು ಪ್ರಶ್ನೆಗೆ ಒಂದೊಂದಾಗಿ ಉತ್ತರ ಕೊಡುವ ಬೇಸರ ಬೇಡವೆಂದರೆ, ಮೊದಲೇ ಎಲ್ಲದಕ್ಕೂ ಹೌದು ಎಂದು ಹೇಳಿಬಿಡಬಹುದು. ಆಜ್ಞೆಯ ಜೊತೆಗೆ ಒಂದೇ ಅಕ್ಷರ ಸೇರಿಸಿದರೆ ಸಾಕು. ನಾನು ಸೇರಿಸಿದೆ.

ಸಾಲುಗಳು ಓಡತೊಡಗಿದವು. ಈ ಫೈಲಿನ ವಿವರ ಕೆಟ್ಟಿದೆ, ಅಳಿಸಲೇ? ಹೌದು. ಈ ಫೈಲು ಯಾವ ಫೋಲ್ಡರಿಗೂ ಸೇರಿಲ್ಲ, ಬೇರೆ ಕಡೆ ಇಡಲೇ? ಹೌದು. ಅಳಿಸಲೇ? ಹೌದು. ಅಳಿಸಲೇ? ಹೌದು. ಕಂಪ್ಯೂಟರಿನ ಡಬ್ಬಿಯೊಳಗಿಂದ, ಉಗುರಿನಿಂದ ತಗಡು ಬಡಿದಂತೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಫ್ಯಾನಿನದಿರಬೇಕು ಎಂದುಕೊಂಡೆ.

ಮಾಲೀಕರು ಹಿಂದೆ ಬಂದು ನಿಂತರು. "ಏನಾತವಾ?"

"ಏನಿಲ್ಲ ಸರ್, ಚೆಕ್ ಮಾಡಾಕತ್ತೈತಿ. ತಾನ ರಿಪೇರಿ ಮಾಡ್ಕೊಂತೈತಿ."

ಆ ಆಜ್ಞೆಗೆ ನಮ್ಮ ಫೋಟೋ ಉಳಿಯಿತೋ ಹೋಯಿತೋ ಎಂಬುದು ಬೇಕಾಗಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಡಿಸ್ಕಿನ ಒಳಗಿನ ವಿವರಗಳು ಒಂದಕ್ಕೊಂದು ತಾಳೆಯಾಗಬೇಕು, ಅದರ ಕೆಲಸ ಅಷ್ಟು. ತಾಳೆಯಾಗದ್ದನ್ನು ಅಳಿಸಿಹಾಕಿದರೂ ತಾಳೆಯಾದಂತೆಯೇ. ಡಿಸ್ಕು ಒಳಗೇ ಸವೆದು, ಓದಲು ಬಾರದ ಜಾಗಗಳು ಅದರಲ್ಲಿ ಹುಟ್ಟಿಕೊಂಡಿದ್ದವು. ಅಂಥ ಡಿಸ್ಕಿನ ಮೇಲೆ ಅದನ್ನು ನೇರವಾಗಿ ಓಡಿಸಲೇಬಾರದು. ಮೊದಲು ಇದ್ದದ್ದನ್ನು ಇದ್ದ ಹಾಗೆ ಬೇರೆ ಡಿಸ್ಕಿಗೆ ನಕಲು ತೆಗೆದುಕೊಂಡು, ಆ ನಕಲಿನ ಮೇಲೆ ಪರೀಕ್ಷೆ ಮಾಡಬೇಕು. ಇದು ನನಗೆ ಆ ಮಧ್ಯಾಹ್ನ ಗೊತ್ತಿರಲಿಲ್ಲ.

ಕಂಪ್ಯೂಟರು ಚಾಲೂ ಆಯಿತು. ಫೋಟೋಗಳ ಫೋಲ್ಡರು ಖಾಲಿ. ಹೆಸರು ಸಿಗದ ಫೈಲುಗಳನ್ನು ದುರಸ್ತಿಯ ಆಜ್ಞೆ ಒಗೆಯುವ ಇನ್ನೊಂದು ಫೋಲ್ಡರು ಇರುತ್ತದೆ. ಅದನ್ನು ತೆರೆದೆ. ಅಲ್ಲಿ ಸಾಲಾಗಿ ಉದ್ದುದ್ದ ಅಂಕಿಗಳು, ನಾನು ಕೊಟ್ಟ ಮನೆಯ ಸಂಖ್ಯೆಗಳು ಒಂದೂ ಇಲ್ಲ. ಒಂದೊಂದಾಗಿ ತೆರೆದು ನೋಡಿದೆ. ಕೆಲವು ಮನೆಗಳು ಪೂರ್ತಿ ಇದ್ದವು. ಕೆಲವಕ್ಕೆ ಮೇಲಿನ ಅರ್ಧ ಮಾತ್ರ ಇತ್ತು, ಕೆಳಗೆ ಬೂದು ಬಣ್ಣ. ಕೆಲವು ತೆರೆಯಲೇ ಇಲ್ಲ. ಎಣಿಸಿದಾಗ ಊರಿನ ಮನೆಗಳಿಗಿಂತ ಕಡಿಮೆ ಇದ್ದವು.

ಭಾಯಿಗೆ ಫೋನು ಮಾಡಿದೆ. ಎಷ್ಟು ಚಿತ್ರ ಉಳಿದಿವೆ ಎಂದು ಕೇಳಿದರು. ಆಮೇಲೆ, "ಇದ್ದಷ್ಟು ಪ್ರಿಂಟ್ ತಗಿ ತಂಗಿ. ಊರಿಗೆ ಒಯ್ಯೋಣ. ಅವರ ಮನಿ ಅವರಿಗೆ ಗುರ್ತ ಸಿಗತೈತಿ," ಎಂದರು.

ಎರಡು ದಿನ ಬಿಟ್ಟು ಹೋದೆವು. ಶಾಲೆಯ ಕಟ್ಟೆಯ ಮೇಲೆ ಪ್ರಿಂಟುಗಳನ್ನು ಹರವಿ, ಗಾಳಿಗೆ ಹಾರದಂತೆ ಮೇಲೆ ಹರಳುಗಲ್ಲು ಇಟ್ಟು ಕುಳಿತೆವು. ಜನ ಬಗ್ಗಿ ಬಗ್ಗಿ ನೋಡಿ ತಮ್ಮ ಮನೆ ಹುಡುಕಿದರು. ಬಾಗಿಲಿನ ಬಣ್ಣದಿಂದ ಒಬ್ಬರು, ಕಟ್ಟೆಯ ಮೇಲೆ ಒಣಹಾಕಿದ ಕೌದಿಯಿಂದ ಒಬ್ಬರು ಗುರುತು ಹಿಡಿದರು. ಅಕ್ಕಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು ಒಂದೇ ಚಿತ್ರ ತಮ್ಮದೆಂದು ಜಗಳಕ್ಕೆ ನಿಂತರು. ಮನೆ ಇನ್ನೂ ನಿಂತಿದ್ದವರದ್ದು ಚಿತ್ರ ಸಿಗದಿದ್ದರೂ ಭಾಯಿ ಹೋಗಿ ಹೊಸದಾಗಿ ಹೊಡೆದು ಬಂದರು. ಹೀಗೆ ಮಧ್ಯಾಹ್ನದೊಳಗೆ ಬಹಳಷ್ಟು ಸರಿಹೋಯಿತು. ನನ್ನ ಎದೆಯ ಭಾರ ಇಳಿಯುತ್ತಿತ್ತು.

ಆಗ ಆಕೆ ಬಂದಳು. ಮೀನಿನ ಬುಟ್ಟಿಯನ್ನು ಕಟ್ಟೆಯಿಂದ ದೂರ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಚಿತ್ರಗಳನ್ನು ಎರಡು ಸಲ ನೋಡಿದಳು. ಆಕೆಯ ಮನೆ ಇರಲಿಲ್ಲ.

"ಮನಿ ಬಿಚ್ಚೀರೇನ್ರಿ?" ಎಂದು ಕೇಳಿದೆ.

"ನೀ ಹೇಳಿದ ಮೂರನೇ ದಿನಕ್ಕ ಬಿಚ್ಚಿದ್ವಿ. ತೊಲಿ, ಬಾಗಲಾ ಎಲ್ಲಾ ನಮ್ಮ ಅಣ್ಣನ ಹಿತ್ತಲದಾಗ ಅದಾವು. ನಡುವ ಒಂದ್ ಮಳಿ ಆತು ನೋಡು, ಗೋಡಿ ಈಗ ನಡಾಮಟ ಅದಾವು," ಎಂದು ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದಳು.

ಯಾರೂ ತಮ್ಮದೆನ್ನದ ಒಂದು ಚಿತ್ರ ಉಳಿದಿತ್ತು. ಅದರಲ್ಲಿ ಆಕಾಶ, ಮಾಳಿಗೆಯ ಅಂಚು, ಅಂಚಿನ ಮೇಲೆ ಸಾಲಾಗಿ ಇಟ್ಟ ನಾಲ್ಕು ಕಲ್ಲು. ಕೆಳಗೆಲ್ಲ ಬೂದು. ಅದನ್ನು ಆಕೆಯ ಕೈಗೆ ಕೊಟ್ಟೆ. "ಇದು ನಿಮ್ದ ಇರಬೇಕ ನೋಡ್ರಿ."

ಆಕೆ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. "ನಮ್ಮ ಮಾಳಗಿ ಮ್ಯಾಲೆ ಹಿಂಗ ಕಲ್ಲ ಇದ್ದಿಲ್ಲ ಯವ್ವಾ."

ನಾನು ದನಿ ತಗ್ಗಿಸಿದೆ. "ಹೌದು ಅನ್ರಿ ಅವ್ವಾರ. ನನ್ನ ಮಾತ ಕೇಳ್ರಿ."

"ನಾ ಹೌದಂದ್ರ, ಇದು ಯಾರದೈತಿ ಅವ್ರು ಬಂದಾಗ ನೀ ಏನ್ ಹೇಳ್ತಿ?"

ಚಿತ್ರವನ್ನು ವಾಪಸು ತೆಗೆದುಕೊಂಡೆ. ಕಬ್ಬು ಕಡಿಯಲು ಹೋಗಿದ್ದ ಕುಟುಂಬವೊಂದು ಮರುವಾರ ಬಂದು ಅದೇ ಚಿತ್ರವನ್ನು ತಮ್ಮದೆಂದು ಗುರುತು ಹಿಡಿಯಿತು. ಮಳೆಗೆಂದು ಮಾಳಿಗೆಗೆ ಹೊಚ್ಚಿದ ತಾಡಪಾಲು ಹಾರದಿರಲೆಂದು ಆ ಕಲ್ಲುಗಳನ್ನು ಇಟ್ಟದ್ದು ಎಂದೂ ಹೇಳಿದರು.

"ನಂದು ಎಲ್ಲಿ ಹೋತು ಮತ್ತ?" ಎಂದು ಅಂದು ಕಟ್ಟೆಯ ಬಳಿ ಆಕೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕರೆಂಟ್ ಹೋತ್ರಿ. ಮಷೀನ್ ಕೆಟ್ಟತು," ಎಂದೆ.

ಭಾಯಿ ಅವಳ ಜೊತೆ ಹೋಗಿ ಮುರಿದ ಗೋಡೆಗಳ ಫೋಟೋ ತೆಗೆದುಕೊಂಡು ಬಂದರು. ಮುಂಡರಗಿಯ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಹೇಳಿದರು: "ಕರೆಂಟ್ ಹೋಗಿದ್ದು ಖರೆ ತಂಗಿ. ಆದ್ರ ನೀ ಆಕಿಗೆ ಪೂರ್ತಿ ಖರೆ ಹೇಳಲಿಲ್ಲ."

ಅಂಗಡಿಗೆ ಬಂದು ಒಂದು ಪತ್ರ ಬರೆದೆ. ಈ ಮನೆಯನ್ನು ನಾವು ಕಣ್ಣಾರೆ ನೋಡಿದ್ದೇವೆ, ಅಳತೆ ತೆಗೆದಿದ್ದೇವೆ, ಫೋಟೋ ನಮ್ಮ ತಪ್ಪಿನಿಂದ ಹೋಗಿದೆ ಎಂದು ಬರೆದು ಸಹಿ ಮಾಡಿ ಪಟ್ಟಿಯ ಜೊತೆ ಇಟ್ಟೆ. ಮಾಲೀಕರು ಅದನ್ನು ಓದಿ ಮಡಚಿ ಡ್ರಾಯರಿಗೆ ಹಾಕಿದರು.

"ನಮ್ಮ ತಪ್ಪ ಅಂತ ನಾವ ಬರದ ಕೊಟ್ರ ನಾಳೆ ನಮಗ ಯಾರ್ ಕೆಲಸ ಕೊಡ್ತಾರವಾ? ಮುರಕ ಗೋಡಿ ಫೋಟೋ ಐತಲ್ಲ, ಅದನ್ನ ಹಚ್ಚು. ಮುಂದ ಅವ್ರು ನೋಡ್ಕೊಂತಾರ."

ನಾನು ಹಚ್ಚಿದೆ. ಪತ್ರ ಡ್ರಾಯರಿನಲ್ಲಿ ಇದೆ ಎಂದು ಗೊತ್ತಿದ್ದೂ ಮರುದಿನ ಕೆಲಸಕ್ಕೆ ಹೋದೆ, ಅದರ ಮರುದಿನವೂ ಹೋದೆ. ಎರಡು ತಿಂಗಳಾದ ಮೇಲೆ ಊರಿನಲ್ಲಿ ಪಟ್ಟಿ ಹಚ್ಚಿದರು. ಆಕೆಯ ಹೆಸರಿನ ಮುಂದೆ "ಖಾಲಿ ಜಾಗ, ಮನೆ ಇಲ್ಲ" ಎಂದಿತ್ತಂತೆ. ಮನೆ ಇಲ್ಲದವರಿಗೆ ಹೊಸ ಊರಿನಲ್ಲಿ ಜಾಗ ಇರಲಿಲ್ಲ. ಈ ಸುದ್ದಿ ತಂದವರು ಭಾಯಿ.

ಆಮೇಲೆ ನಾನು ನಿಜವಾಗಿ ಓದತೊಡಗಿದೆ. ಸಂಜೆ ಕೆಲಸ ಮುಗಿದ ಮೇಲೆ ದಿನಾ ಗದಗಿನ ಇಂಟರ್ನೆಟ್ ಅಂಗಡಿಯಲ್ಲಿ ಕೂರುತ್ತಿದ್ದೆ. ನನ್ನಂತೆಯೇ ಮಾಡಿಕೊಂಡು ಅಳುತ್ತಿದ್ದವರು ಜಗತ್ತಿನ ತುಂಬ ಇದ್ದರು. ಅವರಿಗೆ ಬಂದ ಉತ್ತರಗಳನ್ನು ನೋಟುಬುಕ್ಕಿಗೆ ಇಳಿಸಿಕೊಂಡೆ. ಆ ಆಜ್ಞೆಗೆ ಎಲ್ಲದಕ್ಕೂ ಹೌದು ಎನ್ನುವ ಅಕ್ಷರವಿದ್ದಂತೆ, ಏನನ್ನೂ ಮುಟ್ಟದೆ ಬರೀ ನೋಡಿ ಹೇಳು ಎನ್ನುವ ಇನ್ನೊಂದು ಅಕ್ಷರವೂ ಇತ್ತು. ಅದನ್ನು ಅಂದು ಹಾಕಿದ್ದರೆ ಡಿಸ್ಕು ಸಾಯುತ್ತಿದೆ ಎಂದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಮಾಲೀಕರನ್ನು ಆ ಡಿಸ್ಕು ಕೇಳಿದೆ. ಕೆಟ್ಟ ಸಾಮಾನಿನ ಡಬ್ಬಿಯಲ್ಲಿ ಇತ್ತು, ತೆಗೆದುಕೊಂಡು ಹೋಗು ಎಂದರು. ಬೆಟಗೇರಿಯ ನಮ್ಮ ಮನೆಯಲ್ಲಿ, ಅಪ್ಪ ನೇಯ್ಗೆ ನಿಲ್ಲಿಸಿದ ಮೇಲೆ ಖಾಲಿಯಾಗಿದ್ದ ಮಗ್ಗದ ಕುಣಿಯ ಪಕ್ಕ ಒಂದು ಹಳೆಯ ಕಂಪ್ಯೂಟರು ಇಟ್ಟು, ಡಿಸ್ಕನ್ನು ಬಿಸಿಯಾಗದಂತೆ ಡಬ್ಬಿಯ ಹೊರಗೆ ಟೇಬಲ್ ಫ್ಯಾನಿನ ಎದುರು ಇಟ್ಟು ನಕಲಿಗೆ ಹಚ್ಚಿದೆ. ಓದಲು ಬಂದದ್ದನ್ನು ಮೊದಲು ತೆಗೆದುಕೊಂಡು, ಬಾರದ ಜಾಗಗಳನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಮತ್ತೆ ಪ್ರಯತ್ನಿಸುವ ಪ್ರೋಗ್ರಾಮೊಂದು ಆ ನಕಲು ಮಾಡುತ್ತಿತ್ತು. ಅವ್ವ ಬಂದು, "ಇನ್ನಾ ಎಷ್ಟ ದಿನಾ ಇದು?" ಎಂದು ಕೇಳಿ ಹೋಗುತ್ತಿದ್ದಳು. ನಾಲ್ಕನೆಯ ದಿನ ಡಿಸ್ಕು ಒಮ್ಮೆ ಕೀರಲು ದನಿ ತೆಗೆದು ನಿಂತಿತು. ಮತ್ತೆ ತಿರುಗಲಿಲ್ಲ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಾಗಿತ್ತು.

ಆ ನಕಲಿನಲ್ಲಿ ಚಿತ್ರಗಳ ತುಣುಕುಗಳನ್ನು ಹುಡುಕಿಸಿದೆ. ಕ್ಯಾಮೆರಾ ತೆಗೆದ ಪ್ರತಿ ಚಿತ್ರದ ಒಳಗೂ ಅದೇ ಚಿತ್ರದ ಅಂಚೆಚೀಟಿಯಷ್ಟು ಸಣ್ಣ ಪ್ರತಿಯೊಂದು ಅಡಗಿರುತ್ತದೆ. ದೊಡ್ಡ ಚಿತ್ರ ಹೋದ ಕಡೆಯೂ ಕೆಲವು ಸಣ್ಣವು ಉಳಿದಿದ್ದವು. ಅವುಗಳಲ್ಲಿ ಒಂದು, ಹೊಳೆಯ ಹಾದಿಯ ಮನೆ. ಬಾಗಿಲಲ್ಲಿ ಒಂದು ಹಸಿರು ಚುಕ್ಕೆ, ಆಕೆಯ ಸೀರೆ.

ಭಾಯಿಯ ಸ್ಟುಡಿಯೋದಲ್ಲಿ ಅದನ್ನು ಎಷ್ಟು ಹಿಗ್ಗಿಸಲು ಬರುತ್ತಿತ್ತೋ ಅಷ್ಟು ಹಿಗ್ಗಿಸಿ ಊರಿಗೆ ಒಯ್ದೆ. ಆಕೆ ಅಣ್ಣನ ಹಿತ್ತಲಿನಲ್ಲಿ ತೊಲೆಗಳ ಪಕ್ಕ ಚಾಪೆಯ ಮರೆ ಕಟ್ಟಿಕೊಂಡಿದ್ದಳು. ಚಿತ್ರವನ್ನು ನೋಡಿದ ಕೂಡಲೇ, "ಇದು ನಂದು. ಬಾಗಲದಾಗ ನಿಂತಾಕಿ ನಾನ," ಎಂದಳು.

ಆಗ ಅವಳಿಗೆ ಎಲ್ಲ ಹೇಳಿದೆ. ಕಂಪ್ಯೂಟರು ಅಳಿಸಲೇ ಎಂದು ಕೇಳಿದ್ದು, ನಾನು ಓದದೆ ಹೌದೆಂದದ್ದು, ಪತ್ರ ಬರೆದು ಡ್ರಾಯರಿನಲ್ಲಿ ಬಿಟ್ಟದ್ದು. ಆಕೆ ನೆಲ ನೋಡುತ್ತ ಕೇಳಿಸಿಕೊಂಡಳು.

"ಆವತ್ತ ಸಾಲಿ ಕಟ್ಟಿ ಮ್ಯಾಲೆ ಇದನ್ನ ಹೇಳಬೇಕಿತ್ತವ್ವಾ ನೀನು. ನಡಾಮಟ ಗೋಡಿ ಇದ್ವು. ಮ್ಯಾಲೆ ಗೋಣಿ ತಟ್ಟ ಹೊಚ್ಚಿ ಮಳಿಗೆ ಕರಗದಂಗ ಇಟ್ಕೊಂತಿದ್ದೆ. ಸಾಹೇಬ್ರು ಯಾರರೆ ಬಂದ್ರ ಕರಕೊಂಡ ಹೋಗಿ ತೋರಸ್ತಿದ್ದೆ. ಮಷೀನ್ ಕೆಟ್ಟತು ಅಂದಿ, ಮಷೀನ್ ಸುದ್ದಾದ್ರ ನಂದೂ ಬರ್ತೈತಿ ಅಂತ ಸುಮ್ಮನ ಕುಂತೆ. ಈಗ ಅಲ್ಲಿ ದಿಬ್ಬಾ ಐತಿ ಅಷ್ಟ."

ಪಟ್ಟಿ ಮಾಡಿಸಿದ್ದ ಮುಂಡರಗಿಯ ಕಚೇರಿಗೆ ಅವಳ ಜೊತೆ ಮೂರು ಸಲ ಹೋದೆ. ಮೊದಲ ಸಲ ಅಲ್ಲಿ ಕುಳಿತಿದ್ದ ಅಧಿಕಾರಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು.

"ಇದರಾಗ ಏನ್ ಕಾಣತೈತ್ರಿ?"

"ಮನಿ ಸರ್."

"ಯಾರ ಮನಿ?"

"ಇವರದು."

"ಅಂತ ಇದರಾಗ ಎಲ್ಲಿ ಬರದೈತಿ? ಇಷ್ಟು ಚೌಕಾ ಚೌಕಾ ಐತಿ, ಮನಿ ಅಂದ್ರ ಮನಿ, ಗುಡ್ಡಾ ಅಂದ್ರ ಗುಡ್ಡಾ."

ಕೆಟ್ಟ ಮನುಷ್ಯರೇನಲ್ಲ. ಆಕೆಗೆ ಕುರ್ಚಿ ಕೊಟ್ಟು ಕೂರಿಸಿದ್ದರು. ತಪ್ಪು ನನ್ನದೆಂದು ಬರೆದ ಹೊಸ ಪತ್ರವನ್ನು ತೆಗೆದುಕೊಂಡು, ಮೇಲೆ ಕಳಿಸುತ್ತೇವೆ ಎಂದರು. ಎರಡನೆಯ ಸಲ ಹೋದಾಗ ಮೇಲೆ ಹೋಗಿದೆ ಎಂದರು. ಮೂರನೆಯ ಸಲ ಅವರಿಗೆ ವರ್ಗವಾಗಿತ್ತು, ಹೊಸಬರಿಗೆ ಏನೂ ಗೊತ್ತಿರಲಿಲ್ಲ. ಹೊರಗೆ ಬಂದಾಗ ಆಕೆ, "ಸಾಕು ಬಿಡವ್ವಾ, ನೀನರೆ ಎಷ್ಟ ಅಡ್ಡಾಡ್ತಿ. ನನ್ನ ಇವತ್ತಿನ ಮೀನೂ ಹೋತು," ಎಂದು ಹಮ್ಮಿಗಿಯ ಬಸ್ಸು ಹತ್ತಿದಳು. ಬಸ್ಸಿನ ಕಿಟಕಿಯಿಂದ ಕೈ ಮಾಡಲಿಲ್ಲ. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ.

ಆ ವರ್ಷವೇ ನಾನು ಅಂಗಡಿ ಬಿಟ್ಟೆ. ಗದಗಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕೆಟ್ಟ ಡಿಸ್ಕುಗಳನ್ನು ಈಗ ಎಲ್ಲೆಲ್ಲಿಂದಲೋ ನನ್ನ ಹತ್ತಿರ ತರುತ್ತಾರೆ, ಶಿರಹಟ್ಟಿಯಿಂದಲೂ ಬರುತ್ತಾರೆ. ಮೊದಲು ನಕಲು ತೆಗೆಯುತ್ತೇನೆ. ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತೇನೆ. ಬಹಳ ಸಾವಕಾಶ ಮಾಡುತ್ತಾಳೆ ಎಂದು ಜನ ಗೊಣಗುತ್ತಾರೆ.

ಕೆಲವು ವರ್ಷಗಳ ಮೇಲೆ, ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಭಾಯಿ ಸಿಕ್ಕರು. ಗಡ್ಡ ಬೆಳ್ಳಗಾಗಿತ್ತು. ಚಹಾ ಕುಡಿಸಿದರು, ಮಕ್ಕಳ ಸುದ್ದಿ ಹೇಳಿದರು. ನಾನು ಹೊರಡಲು ಎದ್ದಾಗ ಹೇಳಿದರು:

"ನಿನಗ ಹೇಳಬಾರದಂತ ಇದ್ದೆ ತಂಗಿ. ಆ ಹೊಳಿ ಕಡೆ ಮನಿ ಅವ್ವಾರು ಹ್ವಾದ ಬ್ಯಾಸಗಿಗೆ ತೀರಕೊಂಡ್ರು."

"ಎಲ್ಲಿದ್ರು?"

"ಅಣ್ಣನ ಹೊಸಾ ಮನಿ ಹಿಂದ ಒಂದು ತಗಡಿನ ಶೆಡ್ಡು ಹಾಕಿ ಕೊಟ್ಟಿದ್ದ. ಹೊಳಿ ದೂರಾತು, ಮೀನಿನ ಯಾಪಾರ ನಿಂತತು. ಮಂದಿ ಹೊಲಕ್ಕ ಉಳ್ಳಾಗಡ್ಡಿ ಕೀಳಾಕ ಹೋಗ್ತಿದ್ರು. ಬಿಸಲಾಗ ಹೊಲದಾಗನ ಬಿದ್ರಂತ."

"ತೊಲಿ?" ಎಂದು ಯಾಕೆ ಕೇಳಿದೆನೋ ಗೊತ್ತಿಲ್ಲ.

"ಗೆದ್ದಲ ತಿಂದುವು. ಉಳಿದಷ್ಟು ಒಲಿಗೆ ಹಾಕಿದ್ರು."

ಗದಗಿನ ಬಸ್ಸು ಬಂತು. ಭಾಯಿ ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟು, "ಹುಷಾರ್ ಹೋಗು," ಎಂದರು. ಮುಳುಗಡೆಯವರಿಗೆ ಕೊಟ್ಟ ಆ ಹೊಸ ಊರು ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇದೆ. ಕಾಲೇಜಿನ ಕೆಲಸಕ್ಕೆ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಆ ತಿರುವಿನಲ್ಲಿ ಇಳಿದು, ಅವಳ ಅಣ್ಣನ ಮನೆಗೆ ಹೋಗಿ ಎರಡು ಮಾತಾಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಇನ್ನೂ ಇಳಿದಿಲ್ಲ.